ಟ್ರ್ಯಾಕ್ಟರ್ ಲೆಕ್ಕದ ಟೈಂಟೇಬಲ್

ಮಗಳನ್ನು ಐದು ತಿಂಗಳು ಮನೆಯಲ್ಲೇ ಓದಿಸುವುದು ಅಂತ ತೀರ್ಮಾನ ಮಾಡಿದವನು ನಾನು. ಯಾರೂ ನನ್ನನ್ನು ಕೇಳಿರಲಿಲ್ಲ. ನಾನು ತೆಲುಗಿನಲ್ಲಿ ಓದಿದ್ದು ಐದನೇ ಕ್ಲಾಸಿನವರೆಗೆ, ಅದನ್ನೂ ಪೂರಾ ಮಾಡಲಿಲ್ಲ. ಬೇರೆಯವರ ಟ್ರ್ಯಾಕ್ಟರ್ ಹೊಡೆಯುವುದು ನನ್ನ ಕೆಲಸ. ಹೆಂಡತಿ ಬೀದರ್ ಕಡೆಯವಳು, ಕನ್ನಡದಲ್ಲಿ ಹತ್ತನೇ ಕ್ಲಾಸ್ ಪಾಸು. ಆದರೂ ಟೈಂಟೇಬಲ್ ಬರೆಯಲು ಮಾರ್ಕರ್ ಪೆನ್ನು ಹಿಡಿದವನು ನಾನೇ.

ಅದಕ್ಕೆ ಮುಂಚೆ ಎರಡು ವರ್ಷ ತೆಲಂಗಾಣದ ತಾಂಡೂರಿನಲ್ಲಿದ್ದೆವು. ಗಣಿಯಿಂದ ಪಾಲಿಶ್ ಮಾಡುವ ಶೆಡ್ಡಿಗೆ ಕಲ್ಲು ಸಾಗಿಸುತ್ತಿದ್ದೆ. ಮಗಳು ಅಲ್ಲೇ ಒಂದನೇ ಕ್ಲಾಸಿಗೆ ಸೇರಿದ್ದಳು. ಕಲ್ಲಿನ ದೂಳಿಗೆ ಕೆಮ್ಮು ಹತ್ತಿತು, ಬಿಡಲೇ ಇಲ್ಲ. ದೂಳಿನಿಂದ ದೂರ ಇಡಿ ಎಂದರು ಡಾಕ್ಟರು. ಡಿಸೆಂಬರಿನಲ್ಲಿ ಸಾಮಾನು ಟ್ರಾಲಿಗೆ ಹಾಕಿಕೊಂಡು ಸಿರ್ಗಾಪುರದ ಕಡೆ ಇರುವ ನಮ್ಮ ಊರಿಗೆ ಬಂದೆವು; ಅದೂ ತೆಲಂಗಾಣವೇ, ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು. ಒಂದು ತಿಂಗಳಲ್ಲಿ ಕೆಮ್ಮು ಹೋಯಿತು. ಶಾಲೆಯೂ ಹೋಗಿತ್ತು.

ಊರಲ್ಲಿ ಸರ್ಕಾರಿ ಶಾಲೆ ಇದೆ, ಅಲ್ಲಿಗೆ ಕಳಿಸೋಣ ಎಂದಳು ಹೆಂಡತಿ. ನಾನು ಕೇಳಲಿಲ್ಲ. ಅರ್ಧ ವರ್ಷಕ್ಕೆ ಯಾಕೆ, ಜೂನ್‌ನಲ್ಲಿ ನಾರಾಯಣಖೇಡದ ಇಂಗ್ಲಿಷ್ ಶಾಲೆಗೇ ಇಬ್ಬರನ್ನೂ ಹಾಕೋಣ, ವ್ಯಾನು ಬಾಗಿಲಿಗೆ ಬರುತ್ತದೆ ಎಂದೆ. ಇಬ್ಬರು ಅಂದರೆ ಏಳು ವರ್ಷದ ಮಗಳು, ಐದು ದಾಟಿದ ಮಗ. ಸಂಕ್ರಾಂತಿ ಆದಮೇಲೆ ಬೈಕ್ ತೆಗೆದುಕೊಂಡು ಆ ಶಾಲೆಗೆ ಹೋಗಿ ವಿಚಾರಿಸಿದೆ.

ಅಲ್ಲಿನ ಮೇಡಂ ಸೀದಾ ಹೇಳಿದರು. "ಹುಡುಗ ಒಂದನೇ ಕ್ಲಾಸಿಗಿ ಬರ್ತಾನ. ಹುಡುಗಿಗಿ ಜೂನ್‌ನಾಗ ಕುಂದ್ರಿಸಿ ನೋಡ್ತೀವಿ. ಓದಾಕ ಬಂದ್ರ ಎರಡನೇದು. ಇಲ್ಲಂದ್ರ ಮತ್ತ ಒಂದನೇದು."

"ಅಂದ್ರ ತಮ್ಮನ ಜೋಡಿರೀ?"

"ಹೌದ್ರಿ. ಒಂದೇ ಸೆಕ್ಷನ್ ಅದ."

ಬೈಕ್ ಹತ್ತಿದ ಮೇಲೂ ಆ ಮಾತು ಕಿವಿಯಲ್ಲೇ ಇತ್ತು. ನಾನು ಶಾಲೆ ಬಿಟ್ಟಿದ್ದು ಅದಕ್ಕೇ. ಒಂದು ವರ್ಷ ಎಮ್ಮೆ ಕಾದು ಹಿಂದೆ ಬಿದ್ದಿದ್ದೆ, ಐದನೇ ಕ್ಲಾಸಿಗೆ ಬರುವಷ್ಟರಲ್ಲಿ ನನ್ನ ತಮ್ಮ ನನ್ನ ಪಕ್ಕದಲ್ಲಿ ಕೂತಿದ್ದ. ಮಾಸ್ತರು ನನ್ನನ್ನು ಕೇಳಿದ ಪ್ರಶ್ನೆಗೆ ಅವನು ಕೈ ಎತ್ತುತ್ತಿದ್ದ. ಕ್ಲಾಸಿನ ಹುಡುಗರೆಲ್ಲ ಅವನನ್ನೇ ಅಣ್ಣ ಅನ್ನಲು ಶುರು ಮಾಡಿದರು. ಒಂದು ದಿನ ಚೀಲ ಮನೆಯಲ್ಲಿಟ್ಟು ಹೊಲಕ್ಕೆ ಹೋದೆ, ಮತ್ತೆ ಹೋಗಲಿಲ್ಲ. ಮಗಳಿಗೆ ಹಾಗಾಗಬಾರದು. ಅವಳು ಎರಡನೇ ಕ್ಲಾಸಿನಲ್ಲೇ ಕೂಡಬೇಕು. ಮನೆಗೆ ಬಂದವನೇ ಟೈಂಟೇಬಲ್ ಬರೆಯಲು ಕೂತೆ.

ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ತೆಲುಗಿನಲ್ಲಿ ಬರೆದೆ. ಮಣ್ಣು ಪುಡಿ ಮಾಡುವ ರೋಟಾವೇಟರ್ ಹೊಡೆದರೆ ಎಕರೆಗೆ ಒಂದು ತಾಸು. ನನಗೆ ಗೊತ್ತಿದ್ದ ಲೆಕ್ಕ ಅದೊಂದೇ. ಹಾಗಾಗಿ ಒಂದು ಸಬ್ಜೆಕ್ಟಿಗೆ ಒಂದು ತಾಸು ಇಟ್ಟೆ. ಆರರಿಂದ ಏಳು ತೆಲುಗು. ಏಳರಿಂದ ಎಂಟು ಲೆಕ್ಕ. ಎಂಟರಿಂದ ಒಂಬತ್ತು ಮತ್ತೆ ತೆಲುಗು. ಹೀಗೇ ಸಂಜೆ ಆರರವರೆಗೆ. ತೆಲುಗು ಅಕ್ಷರ ಐವತ್ತಾರು. ದಿನಕ್ಕೆ ನಾಲ್ಕು ಹಾಕಿದರೆ ಹದಿನಾಲ್ಕು ದಿನಕ್ಕೆ ಅಕ್ಷರ ಖಲಾಸ್. ಆಮೇಲೆ ಒಂದು ವಾರ ಕಾಗುಣಿತ, ಒಂದು ವಾರ ಒತ್ತು. ಶಿವರಾತ್ರಿಗೆ ಮಗಳು ಪೇಪರ್ ಓದುತ್ತಾಳೆ ಅಂತ ನಾನು ನಿಜವಾಗಿಯೂ ನಂಬಿದ್ದೆ.

ಬಾಗಿಲ ಪಕ್ಕ ಅಂಟಿಸಿದೆ. ಅವ್ವ ಬಂದು ನೋಡಿದಳು. ಅವಳಿಗೆ ಓದಲು ಬರುವುದಿಲ್ಲ.

"ಇದ್ಯಾನ್ ಬರ್ದಿಯೋ? ಬಸ್ಸಿನ ಟೈಮಾ?"

"ಕೂಸಿನ ಸಾಲಿ ಟೈಮಬೇ."

"ಸಾಲಿ ಎಲ್ಲದ?"

"ಇಲ್ಲೇ. ಮನ್ಯಾಗ."

"ಮಾಸ್ತರ್ ಯಾರು?"

"ನಾನೇ."

ಅವ್ವ ಸೆರಗು ಬಾಯಿಗೆ ಹಿಡಿದುಕೊಂಡು ಒಳಗೆ ಹೋದಳು. ಆಮೇಲೆ ಹೆಂಡತಿ ಬಂದಳು. ಅವಳಿಗೆ ತೆಲುಗು ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ನಾನು ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

"ಟ್ರ್ಯಾಕ್ಟರಿಗಿ ಡೀಸೆಲ್ ಹಾಕಾಕಾದ್ರೂ ಟೈಮ್ ಇರ್ತದ. ಕೂಸು ರೊಟ್ಟಿ ತಿನ್ನೋ ಟೈಮ್ ಎಲ್ಲದರಿ?"

ನೋಡಿದೆ. ಇರಲಿಲ್ಲ. ಸ್ನಾನವೂ ಇರಲಿಲ್ಲ.

"ಐತಾರ?"

"ಐತಾರನೂ ಓದೋದು."

"ನೀವು ಐತಾರ ಓದ್ತಿದ್ರಿ?"

ಭಾನುವಾರವೇನು, ನಾನು ಯಾವ ವಾರವೂ ಓದುತ್ತಿರಲಿಲ್ಲ. ಮಾರ್ಕರ್ ತೆಗೆದುಕೊಂಡು ಮೂಲೆಯಲ್ಲಿ ಸಣ್ಣದಾಗಿ 'ರೊಟ್ಟಿ' ಅಂತ ಬರೆದೆ.

ಮೊದಲ ದಿನ ಐದೂವರೆಗೆ ಮಕ್ಕಳನ್ನು ಎಬ್ಬಿಸಿದೆ. ಮಗಳು ಕೂತಳು. ಮಗ ತನಗೂ ಪಾಟಿ ಬೇಕು ಅಂತ ಹಟ ಹಿಡಿದ, ಅವನಿಗೂ ಒಂದು ಕೊಟ್ಟೆ. ಅವನು ಬರೆಯಲಿಲ್ಲ, ಬಳಪ ತಿಂದ. ಒಂದು ತಿಂದು ಇನ್ನೊಂದು ಕೇಳಿದ. ಎರಡನೇ ತಾಸಿನಲ್ಲಿ ಆಡಿನ ಮರಿ ಬಿಚ್ಚಿಕೊಂಡು ಓಡಿತು, ಕ್ಲಾಸೆಲ್ಲ ಅದರ ಹಿಂದೆ ಹೋಯಿತು, ಮಾಸ್ತರ್ ಸಹಿತ. ಮೂರನೇ ತಾಸಿಗೆ ಅವ್ವ ತೊಗರಿಕಾಯಿ ಸುಲಿಯಲು ಮಗಳನ್ನು ಕರೆದಳು. ಅಕ್ಷರ ಕಲಿಯುವುದು ಬಿಟ್ಟು ಯಾಕೆ ಹೋದೆ ಅಂದರೆ, "ಆಯಿ ಕತಿ ಹೇಳ್ತಾಳ, ನೀ ಬಯ್ತಿ" ಅಂದಳು. ಆದರೂ ಆವತ್ತಿನ ನಾಲ್ಕು ಅಕ್ಷರ ಮುಗಿಸಿದೆ. ಹಾಳೆಯ ಮೇಲೆ ಆ ನಾಲ್ಕಕ್ಕೂ ಕೆಂಪು ಗೆರೆ ಹೊಡೆದೆ. ಗೆರೆ ಹೊಡೆಯುವಾಗ ಬಹಳ ಸಮಾಧಾನವಾಗುತ್ತಿತ್ತು. ಹೊಲ ಮುಗಿಸಿ ಟ್ರ್ಯಾಕ್ಟರ್ ಬದುವಿಗೆ ತಂದು ನಿಲ್ಲಿಸಿದ ಹಾಗೆ.

ಆಮೇಲೆ ಕಬ್ಬಿನ ಸೀಸನ್ ಜೋರಾಯಿತು. ಮಾಲೀಕರ ಟ್ರ್ಯಾಕ್ಟರಿಗೆ ಎರಡು ಟ್ರಾಲಿ ಕಟ್ಟಿಕೊಂಡು ಜಹೀರಾಬಾದ್ ಕಡೆಯ ಸಕ್ಕರೆ ಫ್ಯಾಕ್ಟರಿಗೆ ಕಬ್ಬು ಸಾಗಿಸಬೇಕು. ಅಲ್ಲಿ ಸಾಲಿನಲ್ಲಿ ನಿಂತರೆ ದಿನವೇ ಹೋಗುತ್ತದೆ. ಮಾಸ್ತರ್ ಇಲ್ಲದೆ ಶಾಲೆ ನಡೆಯುವುದು ಹೇಗೆ? ಫೋನಿನಲ್ಲಿ ಕ್ಲಾಸ್ ಇಟ್ಟೆ. ಒಂಬತ್ತು ಗಂಟೆಗೆ ವಿಡಿಯೋ ಕಾಲ್. ಹೆಂಡತಿ ರೊಟ್ಟಿ ಬಡಿಯುತ್ತಾ ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ ಇಡುತ್ತಿದ್ದಳು. ಒಮ್ಮೊಮ್ಮೆ ಮಗಳು ಕಾಣುತ್ತಿದ್ದಳು, ಬಹಳ ಸಲ ಎಮ್ಮೆ ಕಾಣುತ್ತಿತ್ತು.

ಒಂದು ದಿನ ಸ್ಟೇರಿಂಗ್ ಮೇಲೆ ಫೋನ್ ಇಟ್ಟುಕೊಂಡು ಏಳರ ಮಗ್ಗಿ ಹೇಳಿಸುತ್ತಿದ್ದೆ. "ಏಳೆಂಟ್ಲೆ ಎಷ್ಟು?"

"ಐವತ್ತಾರು."

"ತಪ್ಪು. ಐವತ್ನಾಲ್ಕು. ಬರಿ."

ಮುಂದಿನ ಟ್ರಾಲಿಯವನು ಕೊಹೀರ್ ಕಡೆಯ ಡ್ರೈವರ್. ಟೈರಿನ ನೆರಳಿನಲ್ಲಿ ಮಲಗಿದ್ದ. ಎದ್ದು ಕೂತ.

"ಏ ಭಾಯ್, ಕೂಸಿಗಿ ಯಾಕ ಕೆಡಸ್ಲತ್ತಿ? ಏಳೆಂಟ್ಲೆ ಐವತ್ತಾರೇ. ಯಾವ ಸಾಲ್ಯಾಗ ಕಲ್ತಿ ನೀ?"

ಸಾಲಿನಲ್ಲಿದ್ದ ಆರೇಳು ಡ್ರೈವರುಗಳು ನಕ್ಕರು. ಫೋನಿನೊಳಗಿಂದ ಮಗಳು ಹೇಳಿದಳು, "ಪಪ್ಪಾ, ಆ ಕಾಕಾನೇ ಹೇಳ್ಲಿ. ನೀ ಸುಮ್ನ ಕೂಡು."

ಅಲ್ಲಿಂದ ಆ ಸೀಸನ್ ಪೂರ್ತಿ ನನ್ನ ಹೆಸರು ಮಾಸ್ತರ್. ಎರಡನೇ ಕ್ಲಾಸಿಗೆ ಹೋಗುವ ಹುಡುಗಿಗೆ ಏಳರ ಮಗ್ಗಿ ಬೇಕೋ ಬೇಡವೋ ಅನ್ನುವುದೂ ನನಗೆ ಗೊತ್ತಿರಲಿಲ್ಲ. ಕೇಳಬಹುದಿತ್ತು. ಕೇಳಿದರೆ ಗೊತ್ತಿಲ್ಲ ಅಂತ ಗೊತ್ತಾಗುತ್ತದಲ್ಲ, ಅದಕ್ಕೆ ಕೇಳಲಿಲ್ಲ.

ಮಾರ್ಚ್ ಕೊನೆಗೆ ಕಬ್ಬು ಮುಗಿಯಿತು. ಮನೆಗೆ ಬಂದು ಪರೀಕ್ಷೆ ಇಟ್ಟೆ. ಹಾಳೆಯ ತುಂಬ ಕೆಂಪು ಗೆರೆ. ಅಕ್ಷರಕ್ಕೆ, ಕಾಗುಣಿತಕ್ಕೆ, ಕೂಡುವ ಲೆಕ್ಕಕ್ಕೆ, ಎಲ್ಲಕ್ಕೂ ಗೆರೆ ಬಿದ್ದಿತ್ತು; ನಾನಿಲ್ಲದ ದಿನ ಫೋನಿನಲ್ಲೇ ಹೇಳಿ ಹೊಡೆಸಿದ್ದೆ. ಮಗಳಿಗೆ ಕಡೆಯ ವಾರದ್ದೆಲ್ಲ ಬಂತು. ಜನವರಿಯದು ಕೇಳಿದೆ. ನನ್ನ ಮುಖ ನೋಡಿದಳು, ಪಾಟಿ ನೋಡಿದಳು. ಬರಲಿಲ್ಲ. ತಾಂಡೂರಿನಲ್ಲಿ ಬರುತ್ತಿದ್ದ ಅಕ್ಷರವೂ ಬರಲಿಲ್ಲ. ನಾನು ಒದರಿದೆ. ಬಹಳ ಒದರಿದೆ.

"ಇದೆಲ್ಲಾ ಕಲ್ತಿದ್ದಿ ಹೌದಿಲ್ಲೋ? ಎಲ್ಲಿಗಿ ಹೋತು?"

ಮಗಳು ಅಳುತ್ತಾ ಕೆಂಪು ಗೆರೆ ತೋರಿಸಿದಳು. "ನೀನೇ ಹೇಳ್ದಿ, ಅದು ಮುಗೀತು ಅಂತ!"

ಅವಳು ಹೇಳಿದ್ದು ಸರಿ ಇತ್ತು. ಗೆರೆ ಹೊಡೆದ ಮೇಲೆ ನಾನೇ ಅದನ್ನು ಮತ್ತೆ ಕೇಳಿರಲಿಲ್ಲ. ಹೆಂಡತಿ ಮಗಳನ್ನು ಒಳಗೆ ಕಳಿಸಿ ನನ್ನ ಮುಂದೆ ಬಂದು ನಿಂತಳು. ನನಗೆ ಆಗ ಹೊಲ ಹದ ಮಾಡುವ ಕೆಲಸ ಶುರುವಾಗಿತ್ತು, ಬಟ್ಟೆ ಮೇಲೆಲ್ಲ ಮಣ್ಣು.

"ಇವತ್ತು ಹೊಲದಾಗ ಏನ್ ಹೊಡ್ದ್ರಿ?"

"ನೇಗಿಲು."

"ಆಮ್ಯಾಲ?"

"ಒಂದಿಷ್ಟು ದಿನ ಬಿಸಲಿಗಿ ಬಿಟ್ಟು ಅಡ್ಡಡ್ಡ ಕಲ್ಟಿವೇಟರ್. ಮಳಿ ಬಿದ್ದಮ್ಯಾಲ ರೋಟಾವೇಟರ್."

"ಒಮ್ಮೆ ನೇಗಿಲು ಹೊಡ್ದು ಬಿತ್ತಂಗಿಲ್ಲೇನು?"

"ಹುಚ್ಚರ ಬಿತ್ತಬೇಕು ಹಂಗ."

"ಮತ್ತ ಕೂಸಿಗಿ ಹಂಗೇ ಮಾಡೀರಲ್ಲ."

ತಾಂಡೂರಿನ ಎರಡು ವರ್ಷ ಬಿಟ್ಟರೆ ಹತ್ತು ವರ್ಷದಿಂದ ಒಂದೇ ಹೊಲದ ಮೇಲೆ ಮೂರು ಮೂರು ಸಲ ಟ್ರ್ಯಾಕ್ಟರ್ ಓಡಿಸುವವನು ನಾನು. ಇದು ಒಮ್ಮೆಯೂ ತಲೆಗೆ ಹೋಗಿರಲಿಲ್ಲ. ಅವತ್ತೇ ಹಾಳೆ ಹರಿದೆ.

ಹೊಸ ಟೈಂಟೇಬಲ್ ಹೆಂಡತಿ ಹೇಳಿದಳು, ನಾನು ಬರೆದೆ. ಬೆಳಿಗ್ಗೆ ಒಂದು ತಾಸು ಹೊಸದು, ಎರಡೇ ಅಕ್ಷರ. ಮಧ್ಯಾಹ್ನ ಉಂಡ ಮೇಲೆ ಅರ್ಧ ತಾಸು ನಿನ್ನೆಯದು. ಸಂಜೆ ಅರ್ಧ ತಾಸು ಹಿಂದಿನ ವಾರದ್ದೆಲ್ಲ, ಅಡ್ಡಡ್ಡ, ಎಲ್ಲಿಂದ ಬೇಕಾದರೂ ಕೇಳುವುದು. ಉಳಿದ ಹೊತ್ತು ಆಟ, ಆಡು, ಅವ್ವನ ಕತೆ. ಕೆಂಪು ಪೆನ್ನು ಹೆಂಡತಿ ಎಲ್ಲೋ ಇಟ್ಟುಬಿಟ್ಟಳು. ಓದಿಸುವುದೂ ಅವಳೇ ಶುರು ಮಾಡಿದಳು. ತೆಲುಗು ಅಕ್ಷರ ತಾನೂ ಮಗಳ ಜೊತೆ ಕಲಿತಳು. ಅರ್ಧಕ್ಕರ್ಧ ಕನ್ನಡದ ಹಾಗೇ ಇವೆ, ಅವಳಿಗೆ ಹದಿನೈದು ದಿನ ಸಾಕಾಯಿತು. ಮೇ ಕೊನೆಗೆ ಮಗಳು ತೆಲುಗು ಪುಸ್ತಕದ ಒಂದು ಪುಟ ನಿಲ್ಲದೆ ಓದಿದಳು. ಕೂಡುವುದು, ಕಳೆಯುವುದು ಬಂತು.

ಇಂಗ್ಲಿಷ್ ಮಾತ್ರ ನನ್ನ ಪಿರಿಯಡ್. ಅದನ್ನು ಹೆಂಡತಿಗೆ ಬಿಟ್ಟುಕೊಡಲಿಲ್ಲ. ಎಲ್ಲವನ್ನೂ ಕೊಟ್ಟರೆ ಮಾಸ್ತರ್ ಅಂತ ನಾನು ಉಳಿಯುವುದು ಹೇಗೆ? ಐತಾರ ಹತ್ತರಿಂದ ಹನ್ನೊಂದು. ನನಗೆ ಬರುವ ಇಂಗ್ಲಿಷ್ ಅಂದರೆ ಎಬಿಸಿಡಿ, ಕ್ಲಚ್, ಗೇರ್, ಬ್ರೇಕ್, ಹೈಡ್ರಾಲಿಕ್. ಐತಾರ ಹತ್ತು ಗಂಟೆಯಾದರೆ ಟ್ರ್ಯಾಕ್ಟರಿಗೆ ಗ್ರೀಸ್ ಹಚ್ಚುವುದು ನೆನಪಾಗುತ್ತಿತ್ತು. ಆ ಬೇಸಿಗೆಯಲ್ಲಿ ಅಷ್ಟು ಗ್ರೀಸ್ ಕಂಡ ಟ್ರ್ಯಾಕ್ಟರ್ ನಾರಾಯಣಖೇಡದ ಸುತ್ತ ಇನ್ನೊಂದಿರಲಿಲ್ಲ.

"ನಾ ಹೇಳಿಕೊಡ್ಲೇನ್ರಿ? ಹತ್ತನೇದಾಗ ಪಾಸಾಗೀನಿ ಇಂಗ್ಲಿಷ್" ಅಂದಳು ಹೆಂಡತಿ, ಎರಡು ಸಲ.

"ತೆಲುಗು ಗಟ್ಟಿ ಆಗ್ಲಿ ಮೊದ್ಲು" ಅಂದೆ, ಎರಡು ಸಲ.

ಜೂನ್‌ನಲ್ಲಿ ನಾಲ್ವರೂ ಬೈಕ್ ಮೇಲೆ ನಾರಾಯಣಖೇಡಕ್ಕೆ ಹೋದೆವು. ಮೇಡಂ ಮಗಳನ್ನು ಎದುರಿಗೆ ಕೂರಿಸಿಕೊಂಡರು. ತೆಲುಗು ಕೊಟ್ಟರು, ಓದಿದಳು. ಬೇರೆ ಪುಟ ತೆಗೆದರು, ಅದನ್ನೂ ಓದಿದಳು. ಲೆಕ್ಕ ಕೊಟ್ಟರು, ಐದಕ್ಕೆ ಐದು. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಆಮೇಲೆ ಇಂಗ್ಲಿಷ್ ಪುಸ್ತಕ ಕೊಟ್ಟರು. ಮೂರು ಸಾಲು. ಮಗಳು ಒಂದೊಂದೇ ಅಕ್ಷರ ಬಿಡಿಬಿಡಿಯಾಗಿ ಹೇಳಿದಳು. ಕೂಡಿಸಿ ಓದು ಅಂದರು. ಅವಳು ನನ್ನ ಕಡೆ ತಿರುಗಿದಳು. ನಾನು ಗೋಡೆ ಕಡೆ ತಿರುಗಿದೆ.

ಮೇಡಂ ಪುಸ್ತಕ ಮುಚ್ಚಿದರು. "ತೆಲುಗು ಮಸ್ತ್ ಓದ್ತಾಳರಿ. ಲೆಕ್ಕನೂ ಭಾಳ ಚಲೋ. ಖರೆ, ಇಲ್ಲಿ ಎಲ್ಲಾ ಇಂಗ್ಲಿಷಿನಾಗೇ ಇರ್ತದ. ಎರಡನೇದಾಗ ಕುಂದ್ರಿಸಿದ್ರ ಕೂಸಿಗಿ ತ್ರಾಸಾಗ್ತದ. ಒಂದನೇದಕ್ಕ ಹಾಕ್ತೀನಿ."

ನನ್ನ ಬಾಯಿಂದ ತಕ್ಷಣ ಬಂತು. "ಬ್ಯಾಡ್ರಿ ಮೇಡಂ. ಇನ್ನೊಂದ್ ವರ್ಷ ಮನ್ಯಾಗೇ ಓದಸ್ತೀನಿ. ಟೈಂಟೇಬಲ್ ಬ್ಯಾರೆ ಮಾಡ್ತೀನಿ."

ಹೆಂಡತಿ ನನ್ನ ಕಡೆ ತಿರುಗಿದಳು. ಮೇಡಂ ಇದ್ದಾರೆ ಅಂತ ದನಿ ಸಣ್ಣದು ಮಾಡಿದಳು, ಆದರೆ ಎಲ್ಲರಿಗೂ ಕೇಳಿಸಿತು. "ತಮ್ಮನ ಜೋಡಿ ಕೂಡೋದು ಯಾರಿಗಿ ನಾಚಿಕಿರಿ? ಅಕಿಗೋ, ನಿಮಗೋ? ಅಕಿಗಿ ಕೇಳೀರೇನು ಒಮ್ಮೆರ?"

ಕೇಳಿರಲಿಲ್ಲ. ಐದು ತಿಂಗಳು ಏಳೆಂಟ್ಲೆ ಎಷ್ಟು ಅಂತ ಕೇಳಿದ್ದೆ, ಇದನ್ನು ಕೇಳಿರಲಿಲ್ಲ. ಮಗಳ ಕಡೆ ಬಗ್ಗಿದೆ.

"ತಮ್ಮನ ಕ್ಲಾಸಿನಾಗೇ ಕೂಡ್ತಿ?"

ಅವಳು ತಮ್ಮನ ಕಡೆ ನೋಡಿದಳು. ನಾನು ಅಳುತ್ತಾಳೆ ಅಂದುಕೊಂಡೆ.

"ಅಂವ ಹುಡುಗರ ಕಡಿ ಕೂಡ್ತಾನ. ನಾ ಹುಡುಗಿಯರ ಕಡಿ ಕೂಡ್ತೀನಿ" ಅಂದಳು. ನನಗೆ ಇಷ್ಟೂ ತಿಳಿಯುವುದಿಲ್ಲವೇ ಅನ್ನುವ ಹಾಗೆ ನೋಡಿದಳು.

ಅಳಲು ಶುರು ಮಾಡಿದವನು ಮಗ. "ಅಕ್ಕ ನನ್ ಕ್ಲಾಸಿಗಿ ಬ್ಯಾಡ! ಅಲ್ಲಿನೂ ಹೊಡಿತಾಳ!"

ಮೇಡಂ ನಕ್ಕರು. "ದಸರಾ ತನಕ ಇಂಗ್ಲಿಷ್ ಹಿಡಿದ್ಲಂದ್ರ ಎರಡನೇದಕ್ಕ ಕಳಸ್ತೀವಿ. ಮನ್ಯಾಗ ದಿನಾ ಒಂದಿಷ್ಟು ಓದಸ್ರಿ."

"ನಾ ಓದಸ್ತೀನ್ರಿ ಮೇಡಂ" ಅಂದಳು ಹೆಂಡತಿ. ನಾನು ಈ ಸಲ ಅಡ್ಡ ಮಾತಾಡಲಿಲ್ಲ. ಮೇಡಂ ಎರಡು ಫಾರಂ ಮುಂದೆ ಇಟ್ಟರು, ಮಗಳದು ಒಂದು, ಮಗನದು ಒಂದು. ಎರಡರ ಮೇಲೂ ಒಂದೇ ಕ್ಲಾಸು. ಸಹಿ ಮಾಡುವ ಜಾಗ ಯಾವುದು ಅಂತ ಹುಡುಕುತ್ತಿದ್ದೆ. ಹೆಂಡತಿ ಬೆರಳಿಟ್ಟು ತೋರಿಸಿದಳು, ಮಾಡಿದೆ.