ಅರಿಶಿನದ ನುಚ್ಚು ಹೊತ್ತ ಇರುವೆಗಳು

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು ನಾನು. ದೆವ್ವ, ಶಕುನ, ಸತ್ತವರ ಸುಳಿವು ಎಂದು ಯಾರಾದರೂ ಶುರುಮಾಡಿದರೆ ಮುಲಾಜಿಲ್ಲದೆ ನಕ್ಕುಬಿಡುತ್ತಿದ್ದೆ. ಈಗ ನೀವು ನಕ್ಕರೆ ನನಗೆ ಬೇಸರವಿಲ್ಲ.

ನನ್ನ ಹೆಂಡತಿ ದಿನಾ ಬೆಳಿಗ್ಗೆ ಹಿತ್ತಲಿನ ಇರುವೆ ಗೂಡಿನ ಬಾಯಿಗೆ ಒಂದು ಚಿಟಿಕೆ ಅಕ್ಕಿನುಚ್ಚು ಇಡುತ್ತಿದ್ದಳು, ಅದಕ್ಕೆ ಅರಿಶಿನ ಕಲಸಿ. ಜನ ಇರುವೆ ಓಡಿಸುವುದಕ್ಕೆ ಅರಿಶಿನ ಹಾಕುತ್ತಾರೆ, ನೀನು ಊಟಕ್ಕೆ ಕರೆದು ಬಾಗಿಲು ಹಾಕುತ್ತೀಯಲ್ಲ ಎಂದು ರೇಗಿಸುತ್ತಿದ್ದೆ.

"ಬರೀ ಬಿಳೀದು ಸತ್ತೋರಿಗೆ ಇಡಾದು ರೀ. ಇವು ಬದುಕಿರೋ ಜೀವ," ಎನ್ನುತ್ತಿದ್ದಳು. ಇರುವೆಗಳು ಆ ನುಚ್ಚನ್ನು ಒಂದು ದಿನವೂ ಮುಟ್ಟಲಿಲ್ಲ. ಅವಳೂ ಒಂದು ದಿನ ತಪ್ಪಿಸಲಿಲ್ಲ.

ನಾನು ನಿವೃತ್ತನಾದ ವರ್ಷವೇ ಅವಳು ತೀರಿಕೊಂಡಳು. ಹೊನ್ನಾಳಿಯ ಆ ಮನೆಯಲ್ಲಿ ಒಬ್ಬನೇ ಕೂರಲಾಗಲಿಲ್ಲ. ಜಗಳೂರಿನಲ್ಲಿ ಒಂದು ರೂಮು ಹಿಡಿದು, ಊರಾಚೆಯ ಕುರುಚಲು ಕಾಡಿನಲ್ಲಿ ಇರುವೆ ಗೂಡುಗಳ ನಕ್ಷೆ ಬರೆಯತೊಡಗಿದೆ. ಯಾರೂ ಕೇಳಿರಲಿಲ್ಲ, ನನಗೆ ಹೊತ್ತು ಹೋಗಬೇಕಿತ್ತು. ನೆಲದ ಮೇಲೆ ಚಿಟಿಕೆ ರವೆ ಇಡುವುದು, ಕಾಳು ಹೊತ್ತ ಇರುವೆಯ ಹಿಂದೆ ಕುಕ್ಕರಗಾಲಿನಲ್ಲಿ ಸಾಗುವುದು, ಅದು ಸೇರಿದ ಗೂಡಿನ ಪಕ್ಕ ನಂಬರಿನ ಕಡ್ಡಿ ನೆಟ್ಟು ಆ ದಾರಿಯನ್ನು ಪುಸ್ತಕದಲ್ಲಿ ಎಳೆಯುವುದು. ಕೆಲವು ದಿನ ನನ್ನ ದನಿ ನಾನೇ ಕೇಳದೆ ಸಂಜೆಯಾಗುತ್ತಿತ್ತು.

ಆವತ್ತು ಮಧ್ಯಾಹ್ನ ಹೊಸದೊಂದು ಗೂಡು ಕಂಡಿತು. ಸಾಲಾಗಿ ಬರುತ್ತಿದ್ದ ಇರುವೆಗಳ ಬಾಯಲ್ಲಿ ಹಳದಿ ಚೂರುಗಳಿದ್ದವು. ಒಂದನ್ನು ಬಿಡಿಸಿ ಅಂಗೈ ಮೇಲಿಟ್ಟು ಮೂಸಿದೆ. ಅರಿಶಿನ ಕಲಸಿದ ಅಕ್ಕಿನುಚ್ಚು. ಪೂಜೆಯ ಅಕ್ಷತೆಯಾಗಿದ್ದರೆ ಇಡೀ ಅಕ್ಕಿ ಇರಬೇಕಿತ್ತು.

ಹತ್ತಿರದಲ್ಲಿ ಕುರಿ ಮೇಯಿಸುತ್ತಿದ್ದ ಪರಿಚಯದ ಹಿರಿಯರನ್ನು ಕರೆದು, ಇಲ್ಲಿ ಯಾರಾದರೂ ಪೂಜೆ ಮಾಡಿದ್ದರೇ ಎಂದು ಕೇಳಿದೆ.

"ಇಲ್ಲಿ ಪೂಜೆ ಮಾಡಾಕೆ ಯಾರು ಬರ್ತಾರ್ರೀ ಮೇಷ್ಟ್ರೇ? ನಾನು, ನೀವು, ಕುರಿ, ಅಷ್ಟೇ." ಬಗ್ಗಿ ನೋಡಿದವರು ಮತ್ತೆ ಹೇಳಿದರು, "ಅರಿಶಿನ ಹಚ್ಚಿದ್ದನ್ನ ಇರುವೆ ಹೊರಾದು ಇವತ್ತೇ ಕಂಡಿದ್ದು ನಾನು. ಹೆಂಗೈತೆ ನೋಡ್ರಿ."

ಸಾಲನ್ನು ಹಿಂದಕ್ಕೆ ಹಿಡಿದು ನಡೆದೆ. ಕಾರೆ ಪೊದೆ ಬಳಸಿ, ಒಣಹಳ್ಳ ದಾಟಿ, ಅದು ಒಂದು ಜಾಲಿ ಮರದ ಕೆಳಗೆ ಮುಗಿಯಿತು. ಬೆಳಿಗ್ಗೆ ನಾನು ಒಬ್ಬನೇ ಕೂತು ಬುತ್ತಿ ಉಂಡ ಜಾಗ. ನನ್ನ ಚಪ್ಪಲಿಯ ಗುರುತು ಇನ್ನೂ ಇತ್ತು. ಅದರ ಪಕ್ಕದಲ್ಲಿ ಒಂದು ಚಿಟಿಕೆಯಷ್ಟು ಹಳದಿ ನುಚ್ಚು.

ಬುತ್ತಿಯಲ್ಲಿದ್ದದ್ದು ಖಾನಾವಳಿಯ ರೊಟ್ಟಿ. ಚೀಲ ಕೊಡವಿದೆ, ಜೇಬು ತಿರುವಿದೆ, ಏನೂ ಸಿಗಲಿಲ್ಲ. ಆ ಚೀಲವೂ ಅವಳು ಹೋದ ಮೇಲೆ ಕೊಂಡದ್ದು. ನನಗೆ ಹೆದರಿಕೆಯಾಗಲಿಲ್ಲ. ಅಲ್ಲೇ ಕೂತು ಅತ್ತುಬಿಟ್ಟೆ. ಅವಳು ಸತ್ತ ದಿನವೂ ಹಾಗೆ ಅತ್ತಿರಲಿಲ್ಲ.

ಯಾರೋ ಇಟ್ಟಿರಬಹುದು. ನಕ್ಷೆಯಲ್ಲಿ ಆ ದಾರಿಯನ್ನು ಎಳೆದೆ, ಅದು ಶುರುವಾಗುವ ಕಡೆ ಏನು ಬರೆಯಬೇಕೋ ತಿಳಿಯದೆ ಹಾಗೇ ಬಿಟ್ಟಿದ್ದೇನೆ. ಮರುದಿನವೇ ರೂಮು ಖಾಲಿ ಮಾಡಿ ಹೊನ್ನಾಳಿಗೆ ಬಂದೆ. ಈಗ ದಿನಾ ಬೆಳಿಗ್ಗೆ ಹಿತ್ತಲಿನಲ್ಲಿ ಅರಿಶಿನ ಕಲಸಿದ ನುಚ್ಚನ್ನು ನಾನೇ ಇಡುತ್ತೇನೆ. ನಮ್ಮ ಇರುವೆಗಳು ಇನ್ನೂ ಅದನ್ನು ಮುಟ್ಟಿಲ್ಲ.