ಹಗ್ಗದಣ್ಣನ ಹದಿನಾಲ್ಕು ಕೊಂಡಿಗಳು

ಬೆಳಗಿನ ಐದೂವರೆ. ದೋಣಿ ರಿಪೇರಿ ಶೆಡ್ಡಿನ ಶಟರು ಅರ್ಧ ಮಾತ್ರ ಎದ್ದಿದೆ. ಪೂರ್ತಿ ಎತ್ತಲು ಹಗ್ಗದಣ್ಣನವರ ಬೆನ್ನು ಒಪ್ಪುವುದಿಲ್ಲ. ಬಗ್ಗಿ ನುಸುಳುವುದಕ್ಕೂ ಒಪ್ಪುವುದಿಲ್ಲ, ಆದರೆ ಎರಡರಲ್ಲಿ ಅದೇ ವಾಸಿ. ಒಳಗೆ ಹಳೆಯ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದು, ರಾತ್ರಿಯಿಡೀ ಸೀಮೆಎಣ್ಣೆಯಲ್ಲಿ ಮುಳುಗಿದ್ದ ಸ್ಟೀಲಿನ ಕೊಂಡಿಗಳನ್ನು ಒಂದೊಂದಾಗಿ ಎತ್ತುತ್ತಾರೆ. ಒಣಬಟ್ಟೆಯಲ್ಲಿ ಒರೆಸಿ, ಮೈತುಂಬ ಸೀಮೆಸುಣ್ಣದ ಪುಡಿ ಬಳಿದು, ಹಲಗೆಯ ಮೇಲೆ ಸಾಲಾಗಿ ಇಡುತ್ತಾರೆ. ಒಟ್ಟು ಹದಿನಾಲ್ಕು. ಆಮೇಲೆ ಸ್ಟೂಲಿನ ಮೇಲೆ ಕೂತು, ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು ಕಾಯುತ್ತಾರೆ.

ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ಒಳಗಿಳಿದ ಸೀಮೆಎಣ್ಣೆ ಮೆಲ್ಲಗೆ ಜಿನುಗಿ ಬಿಳಿ ಪುಡಿಯ ಮೇಲೆ ತೇವದ ಗೆರೆ ಮೂಡಿಸುತ್ತದೆ. "ಸ್ಟೀಲು ಬಾಯಿಬಿಡೋಕೆ ಒಂದು ಗಂಟೆ ಬೇಕು," ಎನ್ನುತ್ತಾರೆ ಹಗ್ಗದಣ್ಣ. "ಅವಸರ ಮಾಡಿದ್ರೆ ಸುಳ್ಳು ಹೇಳುತ್ತೆ."

ಹಾಯಿದೋಣಿಯ ಕಂಬ ತಾನಾಗಿ ನಿಲ್ಲುವುದಿಲ್ಲ. ಸುತ್ತಲಿಂದ ತಂತಿಹಗ್ಗಗಳು ಅದನ್ನು ಎಳೆದು ಹಿಡಿದಿರುತ್ತವೆ. ಆ ಹಗ್ಗಗಳನ್ನು ಕಂಬಕ್ಕೂ ದೋಣಿಗೂ ಸೇರಿಸುವುದು ಈ ಕೊಂಡಿಗಳು. ಹಗ್ಗ ಹಳತಾದರೆ ಬದಲಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಕೊಂಡಿಗಳ ವಿಷಯ ಹಾಗಲ್ಲ. ಇಟ್ಟುಕೊಳ್ಳುವುದೋ ಎಸೆಯುವುದೋ ಎಂದು ಯಾರಾದರೊಬ್ಬರು ತೀರ್ಮಾನಿಸಬೇಕು. ಮೂವತ್ತೆಂಟು ವರ್ಷದಿಂದ ಈ ಶೆಡ್ಡಿನಲ್ಲಿ ಆ ಒಬ್ಬರು ಹಗ್ಗದಣ್ಣ. ದಿನಕ್ಕೆ ಹನ್ನೆರಡು ಸಲ ಕಂಬ ಹತ್ತುತ್ತಿದ್ದವರು ಈಗ ನಾಲ್ಕಕ್ಕೆ ಇಳಿದಿದ್ದಾರೆ. ವರ್ಷಕ್ಕೆ ಮೂವತ್ತು ದೋಣಿ ಅವರ ಕೈದಾಟಿ ನೀರಿಗಿಳಿಯುತ್ತವೆ. ಪಕ್ಕದ ಕ್ಲಬ್ಬಿನ ಗೋಡೆಯ ತುಂಬ ದೋಣಿ ಓಡಿಸಿ ಗೆದ್ದವರ ಫೋಟೋಗಳಿವೆ. ಇವರ ಫೋಟೋ ಇರುವುದು ಗೇಟಿನಲ್ಲಿ ತೋರಿಸುವ ಗುರುತಿನ ಚೀಟಿಯಲ್ಲಿ ಮಾತ್ರ, ಅದರಲ್ಲೂ ಕಣ್ಣು ಮುಚ್ಚಿಕೊಂಡಿದ್ದಾರೆ.

ಹಲಗೆಯ ಮೇಲಿನ ಈ ಹದಿನಾಲ್ಕು ಕೊಂಡಿಗಳು ಹತ್ತು ದಿನದಿಂದ ಅವರ ನಿದ್ದೆಗೆಡಿಸಿವೆ. ಏಕೆಂದರೆ ದೋಣಿ ಅವರ ಸ್ವಂತ ತಮ್ಮನದು.

ಹನ್ನೊಂದು ವರ್ಷದ ಹಿಂದೆ ಅಣ್ಣತಮ್ಮ ಇಬ್ಬರೂ ಇಲ್ಲೇ ಕೆಲಸಕ್ಕಿದ್ದರು. ಕಂಬ ಕಟ್ಟಿದವನೇ ದೋಣಿಯ ಮೊದಲ ಸವಾರಿಯಲ್ಲಿ ಕಂಬದ ಬುಡದಲ್ಲಿ ಕೂತು ಹೋಗಿಬರಬೇಕು ಎಂಬುದು ಈ ಶೆಡ್ಡಿನ ಕಟ್ಟಳೆ. ಅವತ್ತು ಅಣ್ಣನಿಗೆ ಜ್ವರ. ಬದಲಿಗೆ ತಮ್ಮ ಹೋಗಿ ಕೂತ. ದೋಣಿ ತಿರುಗಿಸುವಾಗ ಹಳೆಯ ಕೊಂಡಿಯೊಂದು ಮುರಿದು ಕಂಬ ಅವನ ಮೇಲೆ ಉರುಳಿತು. ಅಂದಿನಿಂದ ಅವನ ಎಡಗಾಲು ಮಡಚುವುದಿಲ್ಲ. ಆ ಕೊಂಡಿ 'ಆಗುತ್ತೆ' ಎಂದಿದ್ದವರು ಅಣ್ಣ.

"ಆ ದೋಣಿ ಯಜಮಾನರಿಗೆ ಕೊಂಡಿ ಫಳಫಳ ಹೊಳೀಬೇಕಿತ್ತು. ಮೊದಲು ಪಾಲಿಶ್ ಮಾಡ್ದೆ, ಆಮೇಲೆ ಪರೀಕ್ಷೆ ಮಾಡ್ದೆ," ಎಂದು ಹಲಗೆಯಿಂದ ಕಣ್ಣೆತ್ತದೆ ಹೇಳುತ್ತಾರೆ. "ಪಾಲಿಶ್ ಬಿರುಕಿನ ಬಾಯಿ ಮುಚ್ಚಿಬಿಡುತ್ತೆ. ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡ್ದೆ."

ಈಗ ತಮ್ಮ ಒಂದು ಪುಟ್ಟ ಹಳೆಯ ದೋಣಿ ಕೊಂಡು ಅಣ್ಣನ ಮುಂದೆ ತಂದು ನಿಲ್ಲಿಸಿದ್ದಾನೆ. ಹದಿನಾರು ಕೊಂಡಿಗಳಲ್ಲಿ ಬಿರುಕು ಬಿಟ್ಟಿದ್ದ ಎರಡನ್ನು ಬದಲಿಸಿಯಾಗಿದೆ. ಉಳಿದವಕ್ಕೆ ಇದು ಮೂರನೆಯ ಪರೀಕ್ಷೆ. ಹಿಂದಿನ ಎರಡು ಸಲವೂ ಒಂದು ಗೆರೆಯೂ ಬಂದಿಲ್ಲ. ಅಷ್ಟನ್ನೂ ಹೊಸದಾಗಿ ಮಾಡಿಸಲು ಎರಡು ತಿಂಗಳು ಬೇಕು, ಅಷ್ಟರಲ್ಲಿ ಒಳ್ಳೆಯ ಗಾಳಿಯ ಕಾಲ ಮುಗಿದಿರುತ್ತದೆ. ಆದರೂ 'ಆಗುತ್ತೆ' ಎಂಬ ಮಾತು ಹಗ್ಗದಣ್ಣನ ಬಾಯಿಂದ ಹೊರಡುತ್ತಿಲ್ಲ. "ಮನೇಲಿ ಕಾಫಿ ಲೋಟಾನೂ ತಿರುಗಿಸಿ ತಿರುಗಿಸಿ ನೋಡ್ತಾರೆ," ಎನ್ನುತ್ತಾರೆ ಅವರ ಹೆಂಡತಿ. "ಸುಸ್ತಾಗಿದ್ದಾರೆ ಪಾಪ. ಮೈಗಲ್ಲ, ಮನಸ್ಸಿಗೆ."

ಆರೂವರೆಗೆ ಕೋಲು ಊರಿಕೊಂಡು ತಮ್ಮ ಬರುತ್ತಾನೆ.

"ಇನ್ನೂ ಪೌಡರ್ ಹಚ್ತಾನೇ ಇದ್ದೀಯಾ? ಮದುವೆಗೇನಾದ್ರೂ ಕಳಿಸ್ತೀಯಾ ಇವನ್ನ?"

"ಎಲ್ಲಾ ಹೊಸದೇ ಹಾಕೋಣ ಕಣೋ. ಮುಂದಿನ ವರ್ಷ ಹೋಗುವಿಯಂತೆ."

"ಬಿರುಕಿದೆಯಾ?"

"ಇಲ್ಲ."

"ಮತ್ತೆ?"

ಹಗ್ಗದಣ್ಣ ಆರಿದ ಚಹಾವನ್ನು ಹೊರಗೆ ಚೆಲ್ಲಿ ಬರುತ್ತಾರೆ. ತಮ್ಮನ ದನಿ ತಗ್ಗುತ್ತದೆ. "ಅವತ್ತಿಂದ ನೀನು ಒಳ್ಳೇ ಕೊಂಡಿಗಳನ್ನೂ ಎಸೀತಾ ಬಂದೆ. ನಾನು ನೋಡ್ಕೊಂಡು ಸುಮ್ನಿದ್ದೆ. ಹೊಸದು ಹಾಕೋಕೆ ನೀನೇ ಬೇಕೇನಣ್ಣ? ಯಾರು ಬೇಕಾದ್ರೂ ಹಾಕ್ತಾರೆ. ಹಳೇದು ನೋಡಿ ಹೇಳೋಕೆ ಅಂತಾನೇ ನಿನ್ನ ಹತ್ರ ತಂದಿದ್ದು."

ಶೆಡ್ಡಿನೊಳಗೆ ಬೆಳಕು ಬಂದಿದೆ. ಹಗ್ಗದಣ್ಣ ಮೊದಲ ಕೊಂಡಿಯನ್ನು ಎತ್ತಿ ಕಿಟಕಿಯ ಕಡೆ ಹಿಡಿಯುತ್ತಾರೆ. ಪುಡಿ ಒಣಗಿ ಬೆಳ್ಳಗಿದೆ. ಅದನ್ನು ಒರೆಸಿ, ಬಾಗಿದ ಕಡೆಯೆಲ್ಲ ಹೆಬ್ಬೆರಳ ಉಗುರು ಆಡಿಸುತ್ತಾರೆ.

"ಆಗುತ್ತೆ."

"ಕೇಳಿಸ್ಲಿಲ್ಲ."

"ಆಗುತ್ತೆ ಅಂದ್ನಲ್ಲೋ!"

ಹದಿನಾಲ್ಕು ಸಲ ಹೇಳಿ ಮುಗಿಸುವಷ್ಟರಲ್ಲಿ ಬೆಳಗಿನ ಪಾಳಿಯವರು ಬಂದು ಶಟರನ್ನು ಪೂರ್ತಿ ಎತ್ತುತ್ತಾರೆ. ಹಗ್ಗದಣ್ಣ ಸ್ಟೂಲಿನ ಮೇಲೆ ಕುಸಿದು ಕೂರುತ್ತಾರೆ.

"ಭಾನುವಾರ ಮೊದಲ ಸವಾರಿಗೆ ಕಂಬದ ಬುಡದಲ್ಲಿ ನಾನೇ ಕೂರ್ತೀನಿ."

"ನೀನಲ್ದೆ ಇನ್ಯಾರು? ಅಲ್ಲಿ ಕೂರೋಕೆ ನನ್ನ ಕಾಲು ಮಡಚಬೇಕಲ್ಲ," ಎಂದು ತಮ್ಮ ನಗುತ್ತಾನೆ. ಅಣ್ಣನಿಗೆ ನಗು ಬರುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬರುತ್ತದೆ, ಕಣ್ಣೂ ಒದ್ದೆಯಾಗುತ್ತದೆ.

ಭಾನುವಾರ ಏನಾಗಬೇಕೆಂದು ಅವರ ಆಸೆ? ಹಗ್ಗದಣ್ಣ ಅಂಗೈಯ ಬಿಳಿ ಪುಡಿಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾರೆ.

"ವಾಪಸ್ ಬಂದ್ಮೇಲೆ ಹೇಗಿತ್ತು ಅಂತ ಮನೇಲಿ ಹೆಂಡ್ತಿ ಕೇಳ್ತಾಳೆ. ಏನೂ ಆಗ್ಲಿಲ್ಲ ಕಣೇ ಅನ್ನಬೇಕು. ನನ್ನ ಕೆಲಸ ಚೆನ್ನಾಗಾಗಿದೆ ಅಂದ್ರೆ ಅಷ್ಟೇ, ಏನೂ ಆಗ್ಲಿಲ್ಲ."