ಪರದೆ ಸುತ್ತಿದ್ದ ತೊಲೆ

ನಿವೃತ್ತಿಗೆ ಇನ್ನೆರಡು ವರ್ಷ ಬಾಕಿಯಿತ್ತು. ಗದಗ-ಬೆಟಗೇರಿಯಲ್ಲಿ ಹಳೆಯ ಕಟ್ಟಡಗಳ ತಪಾಸಣೆ ಮಾಡುವ ಇಂಜಿನಿಯರ್ ಆಗಿದ್ದೆ. ನಾನು ಸಹಿ ಹಾಕಿದರೆ ಮಾತ್ರ ಅಲ್ಲಿ ಜನ ಸೇರಬಹುದಿತ್ತು. ಆ ಸಹಿಯ ಬಗ್ಗೆ ನನಗೆ ತುಸು ಜಂಬವೂ ಇತ್ತು.

ಬೆಟಗೇರಿಯಲ್ಲಿದ್ದ ಹಳೆಯ ನಾಟಕದ ಥಿಯೇಟರನ್ನು ಕಟ್ಟಿಸಿದವರು ನೇಕಾರರು. ಮೊದಲ ಪರದೆಯ ಬಟ್ಟೆ ಅವರ ಮಗ್ಗದಲ್ಲೇ ನೇಯ್ದದ್ದು. ಒಂದು ಕಾಲಕ್ಕೆ ಶಿರಹಟ್ಟಿ, ಮುಂಡರಗಿ ಕಡೆಯ ಜನ ಚಕ್ಕಡಿ ಹೂಡಿಕೊಂಡು ರಂಗಗೀತೆ ಕೇಳಲು ಬರುತ್ತಿದ್ದರಂತೆ. ಹಾಡು ಹಿಡಿಸಿತೆಂದರೆ 'ಒನ್ಸ್ ಮೋರ್' ಎಂದು ಕೂಗಿ, ರಂಗದ ಮೇಲೆ ಸತ್ತು ಬಿದ್ದ ಪಾತ್ರವನ್ನೂ ಎಬ್ಬಿಸಿ ಹಾಡಿಸುತ್ತಿದ್ದರಂತೆ. ಆಮೇಲೆ ಸಿನಿಮಾ ಬಂತು, ಅದೂ ಹೋಯಿತು, ಬೀಗ ಬಿತ್ತು. ಎಷ್ಟೋ ವರ್ಷಗಳ ಮೇಲೆ ಒಂದು ನಾಟಕ ಕಂಪನಿ ಬೀಗ ತೆಗೆಸಿ ಕ್ಯಾಂಪ್ ಹಾಕಿತು.

ತಪಾಸಣೆಗೆ ಹೋದವನು ಗೋಡೆ, ಕಂಬ, ಚಾವಣಿಯ ತಗಡು ಎಲ್ಲ ನೋಡಿದೆ. ಉಳಿದದ್ದು ರಂಗದ ಮೇಲಿನ ಮರದ ತೊಲೆ. ಪರದೆಗಳ ಭಾರವೆಲ್ಲ ಅದರ ಮೇಲೆ. ಸುತ್ತಿ ಕಟ್ಟಿದ ಪರದೆಗಳಿಂದಾಗಿ ಮರವೇ ಕಾಣುತ್ತಿರಲಿಲ್ಲ. ಬಿಚ್ಚಲು ಹೇಳಿದೆ. ಪರದೆ ಎಳೆಯುವ ಈರಪ್ಪ, ಅರವತ್ತು ದಾಟಿದ ಮನುಷ್ಯ, ಕೈಮುಗಿದ.

"ಸಾಹೇಬ್ರ, ಪೂಜಿ ಆಗಿ ಪರದಿ ಏರಿತಂದ್ರ ಕ್ಯಾಂಪ್ ಮುಗಿಯೋತನಕ ಬಿಚ್ಚಂಗಿಲ್ರಿ. ನಮ್ಮಪ್ಪನ ಕಾಲದಿಂದ ಹಂಗ ನಡದೈತ್ರಿ."

"ಮರ ಗಟ್ಟಿ ಐತೇನು ಈರಪ್ಪ?"

"ಕಬ್ಬಿಣ ಇದ್ದಂಗ ಐತ್ರಿ."

ನನ್ನ ತಂದೆಯೂ ನಾಟಕದ ಹುಚ್ಚಿನವರು. ರೂಢಿ ಮುರಿಯಲು ಮನಸ್ಸಾಗಲಿಲ್ಲ. ಕೆಳಗಿನಿಂದಲೇ ಬಿದಿರಿನ ಗಳದಿಂದ ಎರಡು ಸಲ ತಟ್ಟಿ ನೋಡಿ ಸಹಿ ಹಾಕಿಬಿಟ್ಟೆ.

ಸಹಿ ಹಾಕಿದ ಹದಿನೆಂಟನೆಯ ದಿನ ಮಧ್ಯಾಹ್ನ, ತಾಲೀಮು ನಡೆದಿರುವಾಗ ತೊಲೆ ಮುರಿಯಿತು. ಹಾರ್ಮೋನಿಯಂ ಮಾಸ್ತರರು ಕೂದಲೆಳೆಯಲ್ಲಿ ಪಾರಾದರು. ಹಗ್ಗ ಹಿಡಿದು ನಿಂತಿದ್ದ ಈರಪ್ಪನ ಬೆನ್ನ ಮೇಲೆಯೇ ಅದು ಬಿತ್ತು. ನಾನು ಹೋಗುವಷ್ಟರಲ್ಲಿ ಅವನನ್ನು ಆಸ್ಪತ್ರೆಗೆ ಒಯ್ದಿದ್ದರು. ಮುರಿದ ತೊಲೆಯನ್ನು ಮುಟ್ಟಿದೆ. ಪರದೆ ಸುತ್ತಿದ್ದಷ್ಟು ಉದ್ದಕ್ಕೂ, ಹೊರಗೊಂದು ತೆಳು ಪದರ ಉಳಿಸಿ, ಒಳಗೆಲ್ಲ ಎಂದೋ ಗೆದ್ದಲು ತಿಂದಿತ್ತು. ಬೆರಳು ಸಲೀಸಾಗಿ ಒಳಗೆ ಹೋಯಿತು.

ತಪ್ಪು ನನ್ನದೆಂದು ಬರೆದುಕೊಟ್ಟೆ. ಬರಬೇಕಿದ್ದ ಬಡ್ತಿ ತಪ್ಪಿತು, ಅದು ಸರಿಯೇ. ಥಿಯೇಟರನ್ನು ಕೆಡವಿದರು. ಈರಪ್ಪ ಬದುಕಿದ, ಆದರೆ ಸೊಂಟದಿಂದ ಕೆಳಗೆ ಸ್ವಾಧೀನವೇ ಉಳಿಯಲಿಲ್ಲ.

ಬೈಸಿಕೊಳ್ಳಲು ಸಿದ್ಧನಾಗಿಯೇ ಅವನ ಮನೆಗೆ ಹೋದೆ. ಮಂಚದ ಮೇಲೆ ಮಲಗಿದಲ್ಲಿಂದಲೇ ಕೈಮುಗಿದ.

"ಇನ್ನೊಂದ್ಸಲ ಗಟ್ಟಿಸಿ ಹೇಳಬೇಕಿತ್ರಿ ಸಾಹೇಬ್ರ. ಬಿಚ್ಚತಿದ್ನಿರಿ. ಮತ್ತೊಂದು ಕಾಯಿ ಒಡದು, ಪೂಜಿ ಮಾಡಿ ಏರಸ್ತಿದ್ವಿ, ಅಷ್ಟ."

ಒಂದು ತೆಂಗಿನಕಾಯಿಯಲ್ಲಿ ಮುಗಿಯುತ್ತಿದ್ದ ಕೆಲಸ. ಕಣ್ಣಾರೆ ನೋಡದ್ದಕ್ಕೆ ಸಹಿ ಹಾಕಬಾರದೆಂದು ನೌಕರಿಯ ಮೊದಲ ವಾರವೇ ಹೇಳಿಕೊಟ್ಟಿದ್ದರು. ನನಗದು ತಿಳಿದದ್ದು ಆ ಮಂಚದ ಪಕ್ಕದಲ್ಲಿ. ಈರಪ್ಪ ಇಂದಿಗೂ ಅದರ ಮೇಲಿಂದ ಎದ್ದಿಲ್ಲ.